ಬಂದೂಕಿನ ಅಗುಳಿ ಮತ್ತು ಕುಶಲಿಯ ಕಣ್ಣು

ಜಿಮ್ ಕಾರ್ಬೆಟ್ ಹೆಸರು ಕೇಳದ ಕನ್ನಡ ಓದುಗರು ಕಡಿಮೆ. ಕುಮಾವ್ ಬೆಟ್ಟಸೀಮೆಯ ಚಂಪಾವತ್‌ನಲ್ಲಿ ನರಭಕ್ಷಕ ಹೆಣ್ಣು ಹುಲಿಯೊಂದನ್ನು 1907ರಲ್ಲಿ ಆತ ಕೊಂದಾಗ, ಸಂಯುಕ್ತ ಪ್ರಾಂತದ ಲೆಫ್ಟಿನೆಂಟ್ ಗವರ್ನರ್ ಸರ್ ಜಾನ್ ಹೆವೆಟ್ ಅವರು ಮೆಚ್ಚುಗೆಯ ಕುರುಹಾಗಿ ಒಂದು ರೈಫಲನ್ನು ಕೊಟ್ಟರು. .275 ಅಳತೆಯ, ಹಗುರವಾದ, ಬೆಟ್ಟ ಹತ್ತಿ ಇಳಿಯುವವನ ಕೈಗೆ ಒಗ್ಗುವ ಕೋವಿ. ಅದರ ಮರದ ಹಿಡಿಯ ಮೇಲೆ ಹುಲಿಯ ಬೇಟೆಯನ್ನು ನೆನೆಯುವ ಬೆಳ್ಳಿಯ ಫಲಕ. ತಯಾರಿಸಿದವರು ಲಂಡನ್ನಿನ ಪ್ರಸಿದ್ಧ ಜಾನ್ ರಿಗ್ಬಿ ಕಂಪೆನಿ.

ಆದರೆ ಇಲ್ಲೊಂದು ಸೂಕ್ಷ್ಮವಿದೆ. ರೈಫಲ್ ರಿಗ್ಬಿಯದಾದರೂ ಅದರ ಹೃದಯ ಲಂಡನ್ನಿನಲ್ಲಿ ಹುಟ್ಟಿದ್ದಲ್ಲ. ತೋಟಾ ಕೂರುವ, ಅದನ್ನು ಬಂಧಿಸಿಡುವ, ಸಿಡಿದಾಗಿನ ಹೊಡೆತವನ್ನೆಲ್ಲ ತಡೆದುಕೊಳ್ಳುವ ಭಾಗ ಜರ್ಮನಿಯ ಓಬರ್ನ್‌ಡಾರ್ಫ್ ಎಂಬ ಸಣ್ಣ ಊರಿನ ಮೌಸರ್ ಕಾರ್ಖಾನೆಯಿಂದ ಬಂದದ್ದು. ಬಂದೂಕಿನವರು ಇದನ್ನು ‘ಆಕ್ಷನ್’ ಎನ್ನುತ್ತಾರೆ. ಗಿರಾಕಿಗೆ ಹೇಳಿ ಮಾಡಿಸಿದ ರೈಫಲ್ ಕಟ್ಟುವ ಕುಶಲಿಗಳು ಹಿಂದೆಯೂ, ಈಗಲೂ ಮೊದಲು ಹುಡುಕುವುದು ಒಳ್ಳೆಯ ಆಕ್ಷನ್ ಒಂದನ್ನು. ನಳಿಗೆ ಸವೆದರೆ ಬದಲಿಸಬಹುದು, ಹಿಡಿ ಸೀಳಿದರೆ ಬೇರೆ ಮರ ಕೂರಿಸಬಹುದು. ಆಕ್ಷನ್ ಕೆಟ್ಟದಾದರೆ ಉಳಿದದ್ದೆಲ್ಲ ದಂಡ. ಅಷ್ಟೇ ಅಲ್ಲ, ಗುರಿ ಹಿಡಿದವನ ಕೆನ್ನೆಯಿಂದ ಒಂದು ಗೇಣು ದೂರದಲ್ಲಿ ಇರುವ ಉಕ್ಕು ಅದು.

ಹಾಗಾದರೆ ಒಳ್ಳೆಯ ಆಕ್ಷನ್ ಎಂದು ಗುರುತಿಸುವುದು ಹೇಗೆ? ನೂರೈವತ್ತು ವರ್ಷಗಳಿಂದ ಈ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಕೆಲವರು ಕಣ್ಣು ಕಳೆದುಕೊಂಡಿದ್ದಾರೆ.

ಬೋಲ್ಟ್ ಆಕ್ಷನ್ ಎಂದರೇನೆಂದು ತಿಳಿಯಲು ನಮ್ಮ ಹಳೆಯ ಮನೆಗಳ ಬಾಗಿಲ ಅಗುಳಿಯನ್ನು ನೆನೆದರೆ ಸಾಕು. ಹಿಡಿಯನ್ನು ಮೇಲಕ್ಕೆತ್ತಿ ಹಿಂದಕ್ಕೆ ಎಳೆದರೆ ಬಾಗಿಲು ತೆರೆಯುತ್ತದೆ. ಮುಂದಕ್ಕೆ ತಳ್ಳಿ ಕೆಳಗೆ ತಿರುಗಿಸಿದರೆ ಭದ್ರ. ಬಂದೂಕಿನಲ್ಲೂ ಅಷ್ಟೇ. ಉಕ್ಕಿನ ದುಂಡನೆಯ ಅಗುಳಿಯೊಂದು ತೋಟಾವನ್ನು ನಳಿಗೆಯೊಳಕ್ಕೆ ತಳ್ಳುತ್ತದೆ, ತಿರುಗಿ ಬೀಗ ಹಾಕಿಕೊಳ್ಳುತ್ತದೆ, ಈಡು ಹಾರಿದ ಮೇಲೆ ಖಾಲಿ ಕೊಳವೆಯನ್ನು ಕಿತ್ತು ಹೊರಗೆಸೆಯುತ್ತದೆ. ವ್ಯತ್ಯಾಸವೆಂದರೆ ಈ ಬಾಗಿಲನ್ನು ಒಳಗಿನಿಂದ ತಳ್ಳುವ ಬಲ. ಕಾರಿನ ಚಕ್ರದೊಳಗೆ ಗಾಳಿಯ ಒತ್ತಡ ಚದರ ಅಂಗುಲಕ್ಕೆ 30 ಪೌಂಡಿನ ಆಸುಪಾಸು. ರೈಫಲಿನ ತೋಟಾ ಸಿಡಿದಾಗ ಅದು 50,000 ಪೌಂಡಿನ ಸುತ್ತಮುತ್ತ. ಕ್ಷಣದ ಸಾವಿರದಲ್ಲೊಂದು ಪಾಲು ಹೊತ್ತಿನ ಮಾತಾದರೂ, ಅಷ್ಟು ಹೊತ್ತು ಅಗುಳಿ ಅಲುಗಬಾರದು.

ಬಾಗಿಲ ಅಗುಳಿಯನ್ನು ಬಂದೂಕಿಗೆ ತಂದು ಯಶಸ್ವಿಯಾದ ಮೊದಲಿಗ ಪ್ರಷ್ಯದ ನಿಕೊಲಾಸ್ ಡ್ರೈಸ್. ಅವನ ‘ಸೂಜಿ ಕೋವಿ’ಯನ್ನು ಪ್ರಷ್ಯದ ಸೇನೆ 1841ರಲ್ಲಿ ಸ್ವೀಕರಿಸಿತು. ನಮ್ಮ 1857ರ ಸಿಪಾಯಿಗಳು ಬಾಯಿಯಿಂದ ಕಚ್ಚಿ, ಮದ್ದು ಸುರಿದು, ಸಲಾಕೆಯಿಂದ ಗಿಡಿಯುವ ಎನ್‌ಫೀಲ್ಡ್ ತೋಟಾದ ವಿಷಯವಾಗಿ ಸಿಡಿದೆದ್ದಾಗ, ಪ್ರಷ್ಯದ ಸೇನೆ ಹಿಂದಿನಿಂದ ತೋಟಾ ತುಂಬುವ ಕೋವಿಯನ್ನು ಸ್ವೀಕರಿಸಿ ಹದಿನಾರು ವರ್ಷವಾಗಿತ್ತು. 1866ರಲ್ಲಿ ಆಸ್ಟ್ರಿಯಾದ ಪಡೆ ಕ್ಯೋನಿಗ್ರೆಟ್ಸ್ ಕದನದಲ್ಲಿ ಇದರ ರುಚಿ ಕಂಡಿತು. ಆದರೆ ಡ್ರೈಸ್‌ನ ಅಗುಳಿಯಲ್ಲಿ ಅನಿಲ ಹಿಂದಕ್ಕೆ ಸೋರುತ್ತಿತ್ತು. ಗುಂಡು ಹಾರಿಸುವವನ ಮುಖಕ್ಕೆ ಬಿಸಿಗಾಳಿ ಹೊಡೆಯುತ್ತಿತ್ತು.

ಇದನ್ನು ತಿದ್ದಿದವರು ಓಬರ್ನ್‌ಡಾರ್ಫಿನ ಸೋದರರು, ವಿಲ್ಹೆಲ್ಮ್ ಮತ್ತು ಪೌಲ್ ಮೌಸರ್. ಅಲ್ಲಿನ ಹಳೆಯ ಕ್ರೈಸ್ತ ಮಠವೊಂದರಲ್ಲಿ ನಡೆಯುತ್ತಿದ್ದ ರಾಜ ಸರ್ಕಾರದ ಆಯುಧಶಾಲೆಯಲ್ಲಿ ಅವರ ತಂದೆಯೇ ಕೋವಿ ಕೆಲಸಗಾರ. ಅಣ್ಣ ವಿಲ್ಹೆಲ್ಮ್ ವ್ಯವಹಾರ ನೋಡಿಕೊಂಡು 1882ರಲ್ಲಿ ತೀರಿಕೊಂಡ. ತಮ್ಮ ಪೌಲ್ ಮಾತ್ರ ಒಂದೇ ಅಗುಳಿಯನ್ನು ಜೀವನವಿಡೀ ತಿದ್ದುತ್ತ ಕೂತ. 1871ರ ಒಂಟಿ ತೋಟಾದ ರೈಫಲ್, 1889ರಲ್ಲಿ ಬೆಲ್ಜಿಯಂಗೆ, 1893ರಲ್ಲಿ ಸ್ಪೇನಿಗೆ ಮಾಡಿಕೊಟ್ಟ ಮಾದರಿಗಳು, ಹೀಗೆ ಪ್ರತಿಯೊಂದರಲ್ಲೂ ಹಿಂದಿನದರ ಒಂದೊಂದು ಲೋಪ ನಿವಾರಣೆ. 1898ರಲ್ಲಿ ಜರ್ಮನ್ ಸೇನೆ ಸ್ವೀಕರಿಸಿದ ಮಾದರಿಯಲ್ಲಿ ತಿದ್ದುಪಡಿಗಳು ಒಂದು ನಿಲುಗಡೆಗೆ ಬಂದವು. ‘ಮೌಸರ್ 98’ ಎಂದು ಜಗತ್ಪ್ರಸಿದ್ಧವಾದದ್ದು ಇದೇ.

ಇದರಲ್ಲಿ ಏನಿತ್ತು? ಅಗುಳಿಯ ಮುಂತುದಿಯಲ್ಲಿ ಎರಡು ಗಟ್ಟಿ ಉಬ್ಬುಗಳು. ‘ಲಗ್’ ಎಂದು ಇವುಗಳ ಹೆಸರು. ಅಗುಳಿ ತಿರುಗಿದಾಗ ಇವು ಹೊರಕವಚದ, ಅಂದರೆ ರಿಸೀವರ್‌ನ, ಗಾಡಿಗಳಲ್ಲಿ ಕೂತು ಹೊಡೆತ ತಡೆಯುತ್ತವೆ. ಹಿಂಬದಿಯಲ್ಲಿ ಮೂರನೆಯದೊಂದು ಲಗ್. ಅದು ನಿತ್ಯದ ಕೆಲಸಕ್ಕಲ್ಲ, ಮುಂದಿನವೆರಡು ಮುರಿದರೆ ಆಪದ್ಬಾಂಧವ. ತೋಟಾದ ಹಿತ್ತಾಳೆ ಒಡೆದು ಅನಿಲ ಹಿಂದಕ್ಕೆ ನುಗ್ಗಿದರೆ ಅದನ್ನು ಪಕ್ಕಕ್ಕೆ ಹರಿಯಬಿಡಲು ಅಗುಳಿಯಲ್ಲಿ ತೂತುಗಳು. ಅದೂ ಸಾಲದಿದ್ದರೆ ಮುಖಕ್ಕೆ ಅಡ್ಡವಾಗಿ ಹಿಂದೆ ಅಗಲವಾದ ಅಂಚು. ತೋಟಾದ ಬುಡವನ್ನು ಸುತ್ತುವರಿದು ರಕ್ಷಿಸಲು ರಿಸೀವರ್ ಒಳಗೆ ಒಂದು ಉಕ್ಕಿನ ಬಳೆ. ಇನ್ನು ಬೇಟೆಗಾರರು ಕೊಂಡಾಡಿದ್ದು ಉದ್ದನೆಯ ಕೊಕ್ಕೆಯನ್ನು. ತೋಟಾ ಪೆಟ್ಟಿಗೆಯಿಂದ ಮೇಲೇಳುತ್ತಿದ್ದಂತೆ ಅದರ ಬುಡವನ್ನು ಹಿಡಿದುಕೊಳ್ಳುವ ಈ ಕೊಕ್ಕೆ ಖಾಲಿಯಾಗಿ ಹೊರಬೀಳುವ ತನಕ ಬಿಡುವುದಿಲ್ಲ. ಗಾಯಗೊಂಡ ಹುಲಿ ಪೊದೆಯಿಂದ ಹೊರಬರುವಾಗ ಖಾಲಿ ತೋಟಾ ಒಳಗೇ ಸಿಕ್ಕಿಕೊಂಡರೆ ಆಗುವುದೇನೆಂದು ವಿವರಿಸಬೇಕಿಲ್ಲ.

ಇಷ್ಟೆಲ್ಲ ಮುನ್ನೆಚ್ಚರಿಕೆ ವಹಿಸಿದ ಪೌಲ್ ಮೌಸರ್ 1901ರಲ್ಲಿ ತನ್ನದೇ ಒಂದು ಕಣ್ಣು ಕಳೆದುಕೊಂಡದ್ದು ವಿಧಿಯ ವ್ಯಂಗ್ಯ. ಅದು ಅಗುಳಿಯ ರೈಫಲ್ ಅಲ್ಲ. ತಾನಾಗಿಯೇ ತೋಟಾ ತುಂಬಿಕೊಳ್ಳುವ ಹೊಸ ಮಾದರಿಯೊಂದರ ಪ್ರಯೋಗದಲ್ಲಾದ ಅವಘಡ.

ಲಂಡನ್ನಿನ ಜಾನ್ ರಿಗ್ಬಿ ಈ ಅಗುಳಿಯ ಬೆಲೆಯನ್ನು ಬೇಗ ಅರಿತ. ಅವನ ಹಿನ್ನೆಲೆ ಸ್ವಾರಸ್ಯಕರ. 1887ರಿಂದ 1894ರವರೆಗೆ ಅವನು ಬ್ರಿಟಿಷ್ ಸರ್ಕಾರದ ಎನ್‌ಫೀಲ್ಡ್ ಕಾರ್ಖಾನೆಯ ಮೇಲ್ವಿಚಾರಕ. ಬ್ರಿಟಿಷ್ ಸೇನೆಯ .303 ರೈಫಲ್ ರೂಪುಗೊಂಡದ್ದೇ ಆ ಕಾಲದಲ್ಲಿ. ಆದರೂ ಸ್ವಂತ ಅಂಗಡಿಯ ಗಿರಾಕಿಗಳಿಗೆ ರೈಫಲ್ ಕಟ್ಟುವಾಗ ತಾನೇ ನೋಡಿಕೊಂಡ ಸರ್ಕಾರಿ ಅಗುಳಿಯನ್ನು ಬಿಟ್ಟು, 1890ರ ದಶಕದ ಕೊನೆಯಲ್ಲಿ ಮೌಸರ್ ಕಂಪೆನಿಯ ಬ್ರಿಟಿಷ್ ಪ್ರತಿನಿಧಿಯಾದ! ಓಬರ್ನ್‌ಡಾರ್ಫಿನಿಂದ ಆಕ್ಷನ್ ಬರುತ್ತಿತ್ತು. ಲಂಡನ್ನಿನಲ್ಲಿ ನಳಿಗೆ, ಅಕ್ರೋಟಿನ ಮರ, ಗುರಿಪಟ್ಟಿ, ಕೆತ್ತನೆ. ಮೌಸರ್‌ನ 7 ಮಿಲಿಮೀಟರ್ ತೋಟಾಕ್ಕೂ .275 ರಿಗ್ಬಿ ಎಂಬ ಇಂಗ್ಲಿಷ್ ಹೆಸರು. 1911ರಲ್ಲಿ ಆನೆ, ಕಾಟಿಗಳಿಗೆಂದು ತಂದ .416 ರಿಗ್ಬಿ ರೈಫಲಿಗೂ ಮೌಸರ್‌ನದೇ ಇನ್ನೂ ಉದ್ದನೆಯ ಆಕ್ಷನ್.

ಅಂದಹಾಗೆ, ತೇಜಸ್ವಿಯವರ ಕನ್ನಡದ ಮೂಲಕ ನಮಗೆ ಆಪ್ತನಾದ ಬೆಂಗಳೂರಿನ ಕೆನೆತ್ ಆಂಡರ್ಸನ್ ಈ ಪಂಗಡದವನಲ್ಲ. ಅವನ .405 ವಿಂಚೆಸ್ಟರ್ ಅಗುಳಿಯದಲ್ಲ, ಕೆಳಗಿನ ಸನ್ನೆಯನ್ನು ಎಳೆದು ತೋಟಾ ತುಂಬುವ ಬಗೆಯದು.

ಅಮೆರಿಕನ್ನರು ಮೌಸರ್ ಪಾಠ ಕಲಿತದ್ದು ಪೆಟ್ಟು ತಿಂದು. 1898ರಲ್ಲಿ ಕ್ಯೂಬಾದ ಸಾನ್ ಹುವಾನ್ ಗುಡ್ಡದಲ್ಲಿ ಸ್ಪೇನಿನ ಸೈನಿಕರ ಮೌಸರ್‌ಗಳ ಎದುರು ಅವರು ನಡೆಯಬೇಕಾಯಿತು. ಅದರ ಫಲವೇ 1903ರ ಸ್ಪ್ರಿಂಗ್‌ಫೀಲ್ಡ್ ರೈಫಲ್. ಅನುಕರಣೆ ಎಷ್ಟು ನಿಕಟವಾಗಿತ್ತೆಂದರೆ ಅಮೆರಿಕ ಸರ್ಕಾರ ಮೌಸರ್ ಕಂಪೆನಿಗೆ ಎರಡು ಲಕ್ಷ ಡಾಲರ್ ಪೇಟೆಂಟ್ ಶುಲ್ಕ ತೆರಬೇಕಾಯಿತು. ಅಧ್ಯಕ್ಷ ಥಿಯೋಡರ್ ರೂಸ್ವೆಲ್ಟ್ ಈ ರೈಫಲನ್ನು ತನಗೆ ಬೇಕಾದಂತೆ ಬೇಟೆಗೆ ಹೊಂದಿಸಿಕೊಂಡು 1909ರಲ್ಲಿ ಆಫ್ರಿಕಕ್ಕೆ ಒಯ್ದರು. ಅವರ ಬೇಟೆಯ ಪುಸ್ತಕ ಓದಿದ ನ್ಯೂಯಾರ್ಕಿನ ಮರಗೆಲಸಗಾರ ಸೀಮರ್ ಗ್ರಿಫಿನ್, ತಾನೂ ಒಂದು ಸ್ಪ್ರಿಂಗ್‌ಫೀಲ್ಡ್ ಕೊಂಡು ಅದಕ್ಕೆ ಚೆಂದದ ಮರ ಕೂರಿಸಿದ. ಮುಂದೆ 1923ರಲ್ಲಿ ಹುಟ್ಟಿದ ‘ಗ್ರಿಫಿನ್ ಅಂಡ್ ಹೋವ್’ ಕಂಪೆನಿ ಹೇಳಿ ಮಾಡಿಸಿದ ರೈಫಲ್‌ಗಳಿಗೆ ಅಮೆರಿಕದಲ್ಲಿ ಮನೆಮಾತಾಯಿತು. ಹೆಮಿಂಗ್ವೆಯೂ ಅದರ ಗಿರಾಕಿ.

ಈ ನಡುವೆ ಒಂದು ದುರಂತ ಸದ್ದಿಲ್ಲದೆ ತಯಾರಾಗುತ್ತಿತ್ತು. 1917ರಲ್ಲಿ ಅಮೆರಿಕ ಮಹಾಯುದ್ಧಕ್ಕಿಳಿದು ತರಬೇತಿ ಭರದಿಂದ ಸಾಗುತ್ತಿದ್ದಾಗ ಕೆಲವು ಸ್ಪ್ರಿಂಗ್‌ಫೀಲ್ಡ್ ರೈಫಲ್‌ಗಳು ಗುಂಡು ಹಾರಿಸುವವರ ಕೈಯಲ್ಲೇ ಚೂರಾದವು. ರಿಸೀವರ್ ಬಾಗಿರಲಿಲ್ಲ, ಉಬ್ಬಿರಲಿಲ್ಲ. ಪಿಂಗಾಣಿ ಬಟ್ಟಲಿನಂತೆ ಒಡೆದಿತ್ತು. ತೋಟಾದ ದೋಷವೂ ಇತ್ತು. ಆದರೆ ದೋಷದ ತೋಟಾ ಸಿಡಿದರೆ ಅನಿಲ ಹೊರಹೋಗಬೇಕೇ ಹೊರತು ಉಕ್ಕು ಚೂರಾಗಬಾರದು. ತನಿಖೆ ಕುಲುಮೆಯ ಬಾಗಿಲಿಗೆ ಬಂದು ನಿಂತಿತು.

ಅಲ್ಲಿ ಉಕ್ಕಿನ ಕಾವನ್ನು ಅಳೆಯುತ್ತಿದ್ದದ್ದು ಯಂತ್ರವಲ್ಲ, ಅನುಭವಿ ಕೆಲಸಗಾರನ ಕಣ್ಣು. ನಮ್ಮ ಹಳ್ಳಿಯ ಕಮ್ಮಾರರೂ ಮಚ್ಚು ಕುಡುಗೋಲುಗಳಿಗೆ ಹದ ಕೊಡುವುದು ಹೀಗೆಯೇ. ಕಬ್ಬಿಣ ಯಾವ ಕೆಂಪಿಗೆ ತಿರುಗಿದಾಗ ಹೊರತೆಗೆಯಬೇಕು, ಯಾವಾಗ ನೀರಿಗದ್ದಬೇಕು ಎಂಬುದು ಕಣ್ಣಳತೆಯ ವಿದ್ಯೆ. ಹದ ಹೆಚ್ಚಾದರೆ ಮಚ್ಚಿನ ಬಾಯಿ ಹಾರುತ್ತದೆ, ಕಡಿಮೆಯಾದರೆ ಮಡಚಿಕೊಳ್ಳುತ್ತದೆ. ಸ್ಪ್ರಿಂಗ್‌ಫೀಲ್ಡಿನ ಕೆಲಸಗಾರರು ಕೌಶಲದಲ್ಲಿ ಕಡಿಮೆಯವರಲ್ಲ. ಆದರೆ ಬಿಸಿಲು ಚೆನ್ನಾಗಿ ಬಿದ್ದ ದಿನ, ಕಾದ ಉಕ್ಕಿನ ಕೆಂಪು ಮಂಕಾಗಿ ಕಾಣುತ್ತದೆ. ‘ಇನ್ನೂ ಕಾಯಲಿಲ್ಲ’ ಎಂದು ಮತ್ತಷ್ಟು ಕಾಯಿಸುತ್ತಾರೆ. ಮೋಡ ಕವಿದ ದಿನ ಅದೇ ಕೆಂಪು ಬೇಗ ಕಾಣುತ್ತದೆ. ಎರಡಕ್ಕೂ ನಡುವಿನ ವ್ಯತ್ಯಾಸ 300 ಡಿಗ್ರಿ ಫ್ಯಾರನ್‌ಹೀಟ್‌ವರೆಗೂ ಇತ್ತೆಂದು ತನಿಖೆಯಲ್ಲಿ ಕಂಡುಬಂತು. ಬಿಸಿಲಿನ ದಿನದ ಉಕ್ಕು ಸುಟ್ಟುಹೋಗಿತ್ತು. ಕೂಡಲೇ ಕಾವು ಅಳೆಯುವ ಪೈರೋಮೀಟರ್‌ಗಳು ಬಂದವು. 1918ರಲ್ಲಿ, ಸರಿಸುಮಾರು 8,00,000ನೇ ಕ್ರಮಸಂಖ್ಯೆಯಿಂದ, ಎರಡು ಹಂತದಲ್ಲಿ ಹದ ಕೊಡುವ ಹೊಸ ಪದ್ಧತಿ ಜಾರಿಯಾಯಿತು. ರಾಕ್ ಐಲೆಂಡಿನ ಕಾರ್ಖಾನೆಯಲ್ಲಿ ಈ ಗಡಿ 2,85,507.

ಆದರೆ ಅಷ್ಟರಲ್ಲಿ ಹತ್ತು ಲಕ್ಷಕ್ಕೂ ಮೀರಿದ ರೈಫಲ್‌ಗಳು ತಯಾರಾಗಿಬಿಟ್ಟಿದ್ದವು. ಅವುಗಳಲ್ಲಿ ಯಾವುದು ಬಿಸಿಲಿನ ದಿನದ್ದು, ಯಾವುದು ಮೋಡದ ದಿನದ್ದು? ಹೊರಗಿನಿಂದ ಎಲ್ಲವೂ ಒಂದೇ. ಅದೇ ಹೊಳಪು, ಅದೇ ನುಣುಪು, ಅದೇ ಮುದ್ರೆ. ಬಹುಪಾಲು ರೈಫಲ್‌ಗಳು ಜೀವಮಾನವಿಡೀ ತೊಂದರೆ ಕೊಡಲಿಲ್ಲ ಎಂಬುದೂ ನಿಜ. ಈ ಇಡೀ ಪ್ರಕರಣವನ್ನು ದಾಖಲಿಸಿದ ಜನರಲ್ ಜೂಲಿಯನ್ ಹ್ಯಾಚರ್ ಎಂಬ ಸೇನಾಧಿಕಾರಿಯ ಟಿಪ್ಪಣಿ ಪುಸ್ತಕ 1947ರಲ್ಲಿ ಹೊರಬಂತು. ಬಂದೂಕಿನ ಆಸಕ್ತರಿಗೆ ಇಂದಿಗೂ ಅದು ಪಂಚಾಂಗವಿದ್ದ ಹಾಗೆ. ಸ್ಪ್ರಿಂಗ್‌ಫೀಲ್ಡಿನ ವಿನ್ಯಾಸದಲ್ಲೂ ಒಂದು ಕೊರತೆಯಿತ್ತು. ಮೌಸರ್‌ನ ಒಳಬಳೆಯನ್ನು ಅಮೆರಿಕನ್ನರು ಕೈಬಿಟ್ಟು, ನಳಿಗೆಯ ಹಿಂಬಾಯಿಯನ್ನು ಆಲಿಕೆಯಂತೆ ಇಳಿಜಾರು ಮಾಡಿದ್ದರು. ತೋಟಾ ಸಲೀಸಾಗಿ ಒಳಗೆ ಹೋಗುತ್ತಿತ್ತು, ಆದರೆ ಅದರ ಬುಡಕ್ಕೆ ಆಸರೆ ಕಡಿಮೆಯಾಯಿತು. ಎರಡು ಲಕ್ಷ ಡಾಲರ್ ಕೊಟ್ಟೂ ಮೌಸರ್‌ನ ಜಾಣತನವನ್ನು ಪೂರ್ತಿ ತೆಗೆದುಕೊಳ್ಳಲಿಲ್ಲವೆಂದೇ ನನಗನ್ನಿಸುತ್ತದೆ.

ನೋಟ ಮೋಸ ಮಾಡುವುದು ಇನ್ನೊಂದು ದಿಕ್ಕಿನಿಂದಲೂ ಉಂಟು. ಎರಡನೇ ಮಹಾಯುದ್ಧದ ಕೊನೆಯಲ್ಲಿ ಸೋಲಿನ ಅಂಚಿಗೆ ಬಂದ ಜಪಾನ್ ತರಾತುರಿಯಲ್ಲಿ ಮಾಡಿದ ಅರಿಸಾಕ ರೈಫಲ್‌ಗಳನ್ನು ನೋಡಿದರೆ ಯಾರಿಗೂ ಮರುಕ ಹುಟ್ಟಬೇಕು. ಅರದ ಗೀರುಗಳು ಹಾಗೇ ಉಳಿದಿವೆ, ಮರಕ್ಕೆ ನಯವಿಲ್ಲ. ಗೆದ್ದ ಅಮೆರಿಕನ್ ಸೈನಿಕರು ಇವನ್ನು ನೆನಪಿಗೆಂದು ಮನೆಗೆ ಒಯ್ದರು. ಮಾರುಕಟ್ಟೆಯಲ್ಲಿ ಕವಡೆ ಕಿಮ್ಮತ್ತು. ಆದರೆ ಪಿ. ಓ. ಆಕ್ಲೆ ಎಂಬ ಹೆಸರಾಂತ ಅಮೆರಿಕನ್ ಕುಶಲಿ ಹಲವು ದೇಶಗಳ ಸೈನಿಕ ಆಕ್ಷನ್‌ಗಳಿಗೆ ಮದ್ದನ್ನು ಹೆಚ್ಚಿಸುತ್ತ ಹೆಚ್ಚಿಸುತ್ತ ಒಡೆಯುವವರೆಗೂ ಪರೀಕ್ಷಿಸಿದಾಗ, ಎಲ್ಲಕ್ಕಿಂತ ಹೆಚ್ಚು ತಡೆದುಕೊಂಡದ್ದು ಜಪಾನಿನ ಅರಿಸಾಕ! ಹಾಗೆಂದು ಅರಿಸಾಕ ಕಂಡದ್ದೆಲ್ಲ ಗಟ್ಟಿಯೆಂದು ನಂಬುವಂತಿಲ್ಲ. ಶಾಲಾ ಹುಡುಗರ ಕವಾಯತಿಗೆ, ಗುಂಡಿಲ್ಲದ ಸದ್ದಿನ ತೋಟಾ ಹಾರಿಸಲಿಕ್ಕೆಂದು, ಎರಕ ಹೊಯ್ದು ಮಾಡಿದ ರೈಫಲ್‌ಗಳೂ ಜಪಾನಿನಲ್ಲಿದ್ದವು. ನೋಡಲು ತದ್ರೂಪು. ಅವುಗಳಲ್ಲಿ ನಿಜವಾದ ತೋಟಾ ಹಾಕಿದವನ ಗತಿ ದೇವರಿಗೇ ಪ್ರೀತಿ.

ಯುದ್ಧ ಮುಗಿದ ಮೇಲೆ ಹಳೆಯ ಮೌಸರ್‌ಗಳು ಪೇಟೆಗೆ ಹೊಳೆಯಂತೆ ಹರಿದವು. ಜೆಕ್ ದೇಶದ ಬರ್ನೋ ನಗರದಲ್ಲಿ ತಯಾರಾದ ವಿಜೆಡ್ 24, ಅರ್ಜೆಂಟೀನಕ್ಕೆಂದು ಬರ್ಲಿನ್ನಿನಲ್ಲಿ ತಯಾರಾದ 1909ರ ಮಾದರಿ, ಬೆಲ್ಜಿಯಂನ ಎಫ್‌ಎನ್ ಕಂಪೆನಿಯವು ಕುಶಲಿಗಳ ಮೆಚ್ಚುಗೆ ಪಡೆದವು. ಶಾಂತಿಕಾಲದಲ್ಲಿ ನಿಧಾನವಾಗಿ ಮಾಡಿದವಕ್ಕೆ ಹೆಚ್ಚು ಬೆಲೆ, ಯುದ್ಧದ ಕೊನೆಯ ವರ್ಷಗಳವಕ್ಕೆ ಕಡಿಮೆ. ಬರೀ ಮಾದರಿಯ ಹೆಸರು ಸಾಲದು. ಯಾವ ಕಾರ್ಖಾನೆ, ಯಾವ ವರ್ಷ ಎಂಬುದು ಮೊದಲ ಪ್ರಶ್ನೆ.

ಎರಡನೆಯದು, ಮಧ್ಯೆ ಯಾರ ಕೈ ಬಿದ್ದಿದೆ ಎಂಬುದು. ಮೌಸರ್‌ನ ಉಕ್ಕು ಒಳಗೆ ಮೆದು, ಹೊರಗೆ ತೆಳುವಾದ ಗಟ್ಟಿ ಚರ್ಮ. ಒಳಗಿನ ಮೆದುವಿನಿಂದಾಗಿ ಅದು ಚೂರಾಗುವುದಿಲ್ಲ, ಹೊರಗಿನ ಗಟ್ಟಿತನದಿಂದಾಗಿ ಸವೆಯುವುದಿಲ್ಲ. ನುಣುಪು ಮಾಡುವ ಉತ್ಸಾಹದಲ್ಲಿ ಯಾರಾದರೂ ಉಜ್ಜಿ ಉಜ್ಜಿ ಲಗ್ ಕೂರುವ ಜಾಗದ ಚರ್ಮ ತೆಗೆದಿದ್ದರೆ, ಪ್ರತಿ ಈಡಿಗೂ ಲಗ್ ಹಿಂದಕ್ಕೆ ತಳ್ಳಿ ಗುಳಿ ಮಾಡುತ್ತ ಹೋಗುತ್ತದೆ. ದುರ್ಬೀನು ಕೂರಿಸಲು ಅಗುಳಿಯ ನೆಟ್ಟನೆಯ ಹಿಡಿಯನ್ನು ಕಾಯಿಸಿ ಬಗ್ಗಿಸುವುದು ವಾಡಿಕೆ. ಆ ಕಾವು ಮುಂದಕ್ಕೆ ಹರಿದು ಲಗ್‌ಗಳ ಹದ ಕೆಡಿಸಿದ ಉದಾಹರಣೆಗಳಿವೆ. ಸಾಮಾನ್ಯ ಉದ್ದದ ಆಕ್ಷನ್ನಿನಲ್ಲಿ ಉದ್ದನೆಯ ದೊಡ್ಡ ತೋಟಾ ತುರುಕಲು ಕೆಳಗಿನ ಲಗ್ಗಿಗೆ ಆಸರೆಯಾದ ಉಕ್ಕನ್ನೇ ಕೊರೆದವರೂ ಇದ್ದಾರೆ. ಇನ್ನು ಮರದ ಮರೆಯಲ್ಲಿ ಹಿಡಿದ ತುಕ್ಕು. ಹಿಡಿ ಕಳಚಿ ನೋಡದೆ ಇದು ಕಾಣುವುದೇ ಇಲ್ಲ.

ಬಲ್ಲ ಕುಶಲಿ ಮೊದಲು ಖಾಲಿ ಅಗುಳಿಯನ್ನು ಎತ್ತಿ ತಿರುಗಿಸಿ ನೋಡುತ್ತಾನೆ. ಕೊನೆಯಲ್ಲಿ ಎಲ್ಲೋ ತಡೆದು ‘ಗಟಕ್’ ಎಂದರೆ ಗಾಡಿಯಲ್ಲಿ ಗುಳಿ ಬಿದ್ದಿರಬಹುದೆಂಬ ಶಂಕೆ. ಬಳಿಕ ಲಗ್‌ಗಳ ಹಿಂಬದಿಗೆ ದೀಪದ ಮಸಿಯನ್ನೋ ನೀಲಿ ಬಣ್ಣವನ್ನೋ ಸವರಿ ಅಗುಳಿ ಮುಚ್ಚಿ ತೆಗೆಯುತ್ತಾನೆ. ಎರಡೂ ಲಗ್‌ಗಳ ಮೇಲಿನ ಬಣ್ಣ ಸಮನಾಗಿ ಉಜ್ಜಿಹೋಗಿರಬೇಕು. ಒಂದರಲ್ಲಿ ಮಾತ್ರ ಅಳಿಸಿದ್ದರೆ ಹೊಡೆತವನ್ನೆಲ್ಲ ಅದೊಂದೇ ಹೊರುತ್ತಿದೆ ಎಂದರ್ಥ. ತೋಟಾದ ಆಕಾರದ ಎರಡು ಉಕ್ಕಿನ ಅಳತೆಗೋಲುಗಳಿರುತ್ತವೆ. ಒಂದರ ಮೇಲೆ ಅಗುಳಿ ಮುಚ್ಚಬೇಕು, ಇನ್ನೊಂದರ ಮೇಲೆ ಮುಚ್ಚಬಾರದು. ಉಕ್ಕಿನ ಗಡಸುತನ ಅಳೆಯುವ ಯಂತ್ರವೂ ಉಂಟು. ಇಷ್ಟೆಲ್ಲ ಮುಗಿದ ಮೇಲೆ ಹೊಳಪಿನ ವಿಚಾರ.

ಖರ್ಚು ಉಳಿಸಲು ಹೋದರೆ ಗಿರಾಕಿಗೆ ಗೊತ್ತಾಗುವುದಿಲ್ಲ ಎಂದು ತಿಳಿದವರಿಗೂ ಪಾಠವಾಗಿದೆ. 1936ರಲ್ಲಿ ಬಂದ ವಿಂಚೆಸ್ಟರ್ ಮಾದರಿ 70, ಮೌಸರ್‌ನ ಉದ್ದನೆಯ ಕೊಕ್ಕೆಯನ್ನೇ ಹೊಂದಿತ್ತು. 1964ರಲ್ಲಿ ಕಂಪೆನಿ ತಯಾರಿಕೆಯ ವೆಚ್ಚ ತಗ್ಗಿಸಲು ಕೊಕ್ಕೆಯನ್ನು ತೆಗೆದು ವಿನ್ಯಾಸ ಬದಲಿಸಿತು. ಹೊಸ ಅಗುಳಿ ದುರ್ಬಲವೇನಲ್ಲ. ಆದರೂ ಗಿರಾಕಿಗಳು ಮುನಿದರು. ‘64ರ ಹಿಂದಿನದು’ ಎಂಬ ಮಾತೇ ಒಂದು ಗುಣಮುದ್ರೆಯಾಗಿ, ಹಳೆಯ ರೈಫಲ್‌ಗಳ ಬೆಲೆ ಏರಿತು. 1990ರ ದಶಕದಲ್ಲಿ ಕಂಪೆನಿ ಹಳೆಯ ಕೊಕ್ಕೆಯನ್ನು ಮರಳಿ ತರಬೇಕಾಯಿತು. ಇತ್ತ 1962ರಲ್ಲಿ ಬಂದ ರೆಮಿಂಗ್ಟನ್ 700 ಬೇರೆಯೇ ದಾರಿ ಹಿಡಿದು ಗೆದ್ದಿತು. ಅದರ ರಿಸೀವರ್ ದುಂಡನೆಯದು, ಆದ್ದರಿಂದ ಲೇತಿನ ಮೇಲಿಟ್ಟು ನಳಿಗೆಯ ನೇರಕ್ಕೆ ತಿದ್ದುವುದು ಸುಲಭ. ಗುರಿಕಾರರಿಗೆ ಬೇಕಾದದ್ದು ಅದೇ. ಹುಲಿಯೆದುರು ನಿಲ್ಲುವವನಿಗೂ, ಕಾಗದದ ಗುರಿಗೆ ಹೊಡೆಯುವವನಿಗೂ ‘ಒಳ್ಳೆಯದು’ ಎಂಬ ಮಾತಿನ ಅರ್ಥ ಒಂದೇ ಅಲ್ಲ.

ನಮ್ಮ ದೇಶದ ಪರಿಚಿತ ಅಗುಳಿ ಮೌಸರ್ ಅಲ್ಲ, ಲೀ-ಎನ್‌ಫೀಲ್ಡ್. ಜನರ ಬಾಯಲ್ಲಿ ‘ತ್ರೀ ನಾಟ್ ತ್ರೀ’. ಇದರ ಲಗ್‌ಗಳು ಅಗುಳಿಯ ಹಿಂಬದಿಯಲ್ಲಿವೆ. ಆದ್ದರಿಂದ ಈಡಿನ ಹೊಡೆತಕ್ಕೆ ಅಗುಳಿ ಕೂದಲೆಳೆಯಷ್ಟು ಅದುಮಿಕೊಳ್ಳುತ್ತದೆ. ದೊಡ್ಡ ತೋಟಾದ ರೈಫಲ್ ಕಟ್ಟುವವರು ಇದನ್ನು ಅಷ್ಟಾಗಿ ಇಷ್ಟಪಡದಿರಲು ಇದೇ ಕಾರಣ. ಆದರೆ ಕೈಚಳಕದ ವೇಗದಲ್ಲಿ, ಕೆಸರು ಧೂಳು ಸಹಿಸುವುದರಲ್ಲಿ ಇದನ್ನು ಮೀರಿಸಿದ್ದು ಕಡಿಮೆ. ಬಂಗಾಳದ ಇಶಾಪುರದ ಕಾರ್ಖಾನೆ 1960ರ ದಶಕದಲ್ಲಿ ಇದೇ ಅಗುಳಿಗೆ ಇನ್ನೂ ಉತ್ತಮ ಉಕ್ಕು ಬಳಸಿ, ಹೆಚ್ಚು ಒತ್ತಡದ 7.62 ಮಿಲಿಮೀಟರ್ ತೋಟಾಕ್ಕೆ ಒಗ್ಗಿಸಿತು. ಸಾರ್ವಜನಿಕರಿಗೆ .303 ನಿಷಿದ್ಧವಾದ್ದರಿಂದ ಪರವಾನಗಿದಾರರಿಗೆಂದು .315 ರೈಫಲನ್ನೂ ಅಲ್ಲೇ ಮಾಡಿದರು. ಉತ್ತರ ಪ್ರದೇಶದ ಪೊಲೀಸರು .303ಗೆ ವಿದಾಯ ಹೇಳಿದ್ದು 2020ರಲ್ಲಿ. ಈ ಲೇಖಕನ ಬಂದೂಕಿನ ಅನುಭವವೆಲ್ಲ ಕಾಲೇಜಿನ ಎನ್‌ಸಿಸಿಯಲ್ಲಿ ಹಾರಿಸಿದ ಐದು .22 ಗುಂಡುಗಳಷ್ಟೇ. ಅಗುಳಿ ಮುಚ್ಚಿದಾಗಿನ ಆ ಸದ್ದು ಇನ್ನೂ ಕಿವಿಯಲ್ಲಿದೆ. ಗುರಿಯ ವಿಷಯ ಕೇಳಬೇಡಿ.

ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದ ದಿನ ಮನೆಯ ಕೋವಿಗಳನ್ನು ಸಾಲಾಗಿ ಇಟ್ಟು, ತೋಕ್ ಪೂವಿನಿಂದ ಸಿಂಗರಿಸಿ ಪೂಜಿಸುತ್ತಾರೆ. ಕೊಡವರಿಗೆ ಪರವಾನಗಿಯಿಂದ ಬ್ರಿಟಿಷರ ಕಾಲದಲ್ಲಿ ದೊರೆತ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷ ಮುಂದುವರಿಸಿತು. 1972ರ ವನ್ಯಜೀವಿ ಕಾಯ್ದೆಯ ನಂತರ ಶಿಕಾರಿಯ ಕಾಲ ಮುಗಿದಿದ್ದರೂ, ಅಜ್ಜನ ಕಾಲದ ಕೋವಿ ಮನೆಯಲ್ಲಿ ಉಳಿದಿದ್ದರೆ ಹಾರಿಸುವ ಮುನ್ನ ತಿಳಿದವರ ಕೈಲಿ ಮರ ಕಳಚಿಸಿ ಒಳಗು ನೋಡಿಸುವುದು ಕ್ಷೇಮ.

ಅಮೆರಿಕದಲ್ಲಿ ಹಳೆಯ ಸ್ಪ್ರಿಂಗ್‌ಫೀಲ್ಡ್‌ಗಳನ್ನು ನಾಗರಿಕರಿಗೆ ಒದಗಿಸುವ ಸಂಸ್ಥೆ, ಕಡಿಮೆ ಕ್ರಮಸಂಖ್ಯೆಯವನ್ನು ಹಾರಿಸಬೇಡಿರೆಂದು ಇಂದಿಗೂ ಎಚ್ಚರಿಸುತ್ತದೆ. ಕಾರ್ಬೆಟ್‌ನ ರೈಫಲಿಗೆ ಅಂಥ ಅಂಜಿಕೆಯಿರಲಿಲ್ಲ. 1955ರಲ್ಲಿ ಕೀನ್ಯಾದಲ್ಲಿ ಆತ ತೀರಿಕೊಂಡ ಮೇಲೆ ಅದು ಅವನ ಪುಸ್ತಕಗಳ ಪ್ರಕಾಶಕರಾದ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನ ಪಾಲಾಯಿತು. 2015ರಲ್ಲಿ ರಿಗ್ಬಿ ಕಂಪೆನಿಯವರೇ ಅದನ್ನು ಕೊಂಡು, ತಯಾರಾದ ನಗರಕ್ಕೆ ಮರಳಿ ಒಯ್ದರು.